ಅಜ್ಜಿಯ ಪಾಲು

ಫಿನೈಲ್ ಸಾಹೇಬರಿಗೆ ಆ ಕ್ಯಾಂಪಿನಲ್ಲಿ ಹಿಡಿಸದ್ದು ಯಾವುದು ಎಂದು ಕೇಳುವುದಕ್ಕಿಂತ ಹಿಡಿಸಿದ್ದು ಯಾವುದು ಎಂದು ಕೇಳಿದರೆ ಮಾತು ಬೇಗ ಮುಗಿಯುತ್ತದೆ. ಹಿಡಿಸಿದ್ದು ಏನೂ ಇಲ್ಲ. ಸರೋವರದ ದಂಡೆಯಲ್ಲಿ ಸಾಲಾಗಿ ನಿಂತ ವ್ಯಾನುಗಳು, ಡೇರೆಗಳು, ನಡುವೆ ಹಗ್ಗದ ಮೇಲೆ ಒಣಗುವ ಒಳಚಡ್ಡಿಗಳು, ಹಲ್ಲುಜ್ಜುವ ನಲ್ಲಿಯಲ್ಲೇ ಮೀನು ತೊಳೆಯುವ ನಿವೃತ್ತ ಮಹನೀಯರು. ಸಾಹೇಬರು ನೌಕರಿಯುದ್ದಕ್ಕೂ ಹೋಟೆಲುಗಳ ಅಡುಗೆಮನೆಗೆ ನುಗ್ಗಿ, ಪಾತ್ರೆಯ ತಳ ಮೂಸಿ, ಬಾಗಿಲಿಗೆ ಬೀಗ ಜಡಿಸಿ, ಫಿನೈಲ್ ಎಂಬ ಅಡ್ಡಹೆಸರು ಗಳಿಸಿ ಬಂದ ಆರೋಗ್ಯ ಇನ್‌ಸ್ಪೆಕ್ಟರು. ಅಂಥವರನ್ನು ಈ ಕೊಳಕಿನಲ್ಲಿ ತಂದು ಕೂರಿಸಿದವಳು ಅವರ ಹೆಂಡತಿ.

"ನಿಮಗೆ ವರ್ಗ ಆದ ಊರಲ್ಲೆಲ್ಲ ನಾನಿದ್ದೆ. ಇನ್ಮೇಲೆ ನಂಗೆ ಬೇಕಾದ ಕಡೆ ನೀವಿರಿ," ಎಂದಳು ಆಕೆ. ಸಾಹೇಬರು ವ್ಯಾನು ಕೊಂಡರು, ಬಂದರು. ಆಕೆ ಗಾಳ ಹಿಡಿದಳು, ಇವರು ಮೂಗು ಹಿಡಿದುಕೊಂಡು ಕೂತರು.

ಇದ್ದ ಅಸಹ್ಯಗಳಲ್ಲೆಲ್ಲ ದೊಡ್ಡದು ನೀರಿನ ಅಂಚಿನ ಚಪ್ಪಟೆ ಬಂಡೆ. ದಿನದ ಮೊದಲ ಮೀನು ಯಾರ ಗಾಳಕ್ಕೆ ಬಿದ್ದರೂ ಅದನ್ನು ಆ ಬಂಡೆಯ ಮೇಲೆ ಇಡಬೇಕೆಂಬುದು ಕ್ಯಾಂಪಿನ ಪದ್ಧತಿ. ಕಾಡಿನಿಂದ ಒಂದು ಮುದಿ ಕರಡಿ ಬಂದು ತಿಂದು ಹೋಗುತ್ತಿತ್ತು. ಅದಕ್ಕೆ ಅಜ್ಜಿ ಎಂದು ಹೆಸರಿಟ್ಟು, ಈ ಪದ್ಧತಿಯನ್ನೂ ಶುರುಮಾಡಿದವನು ಮೇಜರ್. ಆಸಾಮಿ ಸೈನ್ಯದ ಮುಖ ಕಂಡವನಲ್ಲ, ಬಟ್ಟೆ ಅಂಗಡಿ ಇಟ್ಟಿದ್ದವನು. ಮೀಸೆಯ ದೆಸೆಯಿಂದ ಮೇಜರ್ ಆದ. ಬರಬರುತ್ತ ಮೊದಲ ಮೀನಿನ ಜೊತೆಗೆ ಎಲ್ಲರ ಮೀನಿನ ತಲೆ, ಕರುಳು, ಕಿವಿರು ಎಲ್ಲವೂ ಬಂಡೆಗೇ ಬಂದು ಬಿದ್ದವು. ಕರಡಿ ತಿಂದು ಬಿಟ್ಟದ್ದು ಬಿಸಿಲಿಗೆ ಕೊಳೆತು, ನೊಣ ಮುತ್ತಿ, ಬಿಳಿ ಹುಳ ಮಿಜಿಗುಡುತ್ತಿತ್ತು. ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಈ ಪುಣ್ಯಾತ್ಮರು ಚಹಾ ಹೀರುತ್ತ ಕರಡಿಯ ಫೋಟೊ ಹೊಡೆಯುತ್ತಿದ್ದರು.

"ಹೀಗೆ ತಿನ್ನಿಸ್ತಾ ಹೋದ್ರೆ ಅದು ಒಂದಿನ ಡೇರೆ ಒಳಗೇ ಬರುತ್ತೆ," ಎಂದರು ಸಾಹೇಬರು.

"ಸಾಹೇಬ್ರೆ, ನೀವು ಕರಡಿ ಹತ್ರಾನೂ ಲೈಸೆನ್ಸ್ ಕೇಳೋ ಪೈಕಿ," ಎಂದ ಮೇಜರ್. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಂಡತಿಯೂ ನಕ್ಕಳು. ಸಾಹೇಬರಿಗೆ ಮೈಯೆಲ್ಲ ಉರಿಯಿತು.

ಜೋರು ಗಾಳಿಯ ಒಂದು ದಿನ ಯಾರೂ ಗಾಳ ಹಾಕಲಿಲ್ಲ. ಅಜ್ಜಿ ಬಂತು, ಬಂಡೆಯ ಮೇಲೆ ಹೊಸ ಮೀನು ಕಾಣದೆ ನೇರ ಮೇಜರನ ಡೇರೆಗೆ ನಡೆದು, ಬಟ್ಟೆ ಸಿಗಿದು, ಮೀನಿನ ಐಸ್ ಪೆಟ್ಟಿಗೆಯನ್ನು ಹೊರಗೆಳೆದು ಒಡೆಯಿತು. ಮೇಜರ್ ಸೊಂಟದ ಟವೆಲ್ಲನ್ನೂ ಬಿಟ್ಟು ಓಟ ಕಿತ್ತ. ಅವನಿಗೆ ಒಂದು ಗೀರೂ ಆಗಲಿಲ್ಲ. ಆದರೂ ಅರಣ್ಯ ಕಾವಲುಗಾರನಿಗೆ ಫೋನು ಮಾಡಿ, "ಕೊಂದೇ ಬಿಡ್ತಿತ್ತು, ಏನಾದ್ರೂ ಮಾಡಿ" ಎಂದು ಗೋಳಾಡಿದವನು ಅವನೇ.

ಕಾವಲುಗಾರ ಬಂದು ಬಂಡೆ ನೋಡಿ ಮುಖ ಕಿವುಚಿದ. "ನಾಳೆ ಬೆಳಿಗ್ಗೆ ಕೋವಿ ತರ್ತೀನಿ. ಅದು ಬಂದು, ಏನೂ ಸಿಗದೆ ವಾಪಸ್ ಹೋದ್ರೆ ಬಿಟ್ಬಿಡ್ತೀನಿ. ಮೆಲ್ಲಗೆ ಮರೆಯುತ್ತೆ. ತಿನ್ನೋಕೆ ಅಂತ ಜನರ ಹತ್ರ ಬಂತೋ, ಹೊಡೀಲೇಬೇಕು. ಇಲ್ಲಿ ಒಂದು ಚೂರು ಮೀನೂ ಇರಬಾರ್ದು."

ಬಂಡೆ ತೊಳೆಯುವವರು ಯಾರು? ಮೇಜರನಿಗೆ ತಟ್ಟನೆ ಸೊಂಟ ಹಿಡಿಯಿತು. ಉಳಿದವರಿಗೆ ಮೊಣಕಾಲು, ಬಿಪಿ, ಮೊಮ್ಮಗಳ ಫೋನು. ಸಾಹೇಬರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಂಡಿಯೂರಿದರು. ಕರಡಿಯ ಮೇಲೆ ಅವರಿಗೇನೂ ಪ್ರೀತಿ ಉಕ್ಕಿ ಹರಿದಿರಲಿಲ್ಲ. ಆದರೆ ಇವರ ಗಲೀಜಿಗೆ ಅದು ಪ್ರಾಣ ಬಿಡುವುದೆಂದರೆ ಆ ಗಲೀಜಿಗಿಂತಲೂ ಹೇಸಿಗೆ ಅನ್ನಿಸಿತು. ತಗಡಿನ ಚೂರಿನಿಂದ ಕೊಳೆತದ್ದನ್ನು ಕೆರೆದರು, ಸಂದಿಗೆ ಬೆರಳು ಹಾಕಿ ಹುಳ ಬಳಿದರು, ಎದ್ದು ಹೋಗಿ ವಾಂತಿ ಮಾಡಿದರು, ಬಂದು ಮತ್ತೆ ಕೆರೆದರು. ಆಮೇಲೆ ಹಳೆಯ ಗತ್ತಿನಲ್ಲಿ ಡೇರೆ ಡೇರೆಗೂ ನುಗ್ಗಿ ಐಸ್ ಪೆಟ್ಟಿಗೆಗಳನ್ನು ಬರಿದು ಮಾಡಿಸಿ, ಎಲ್ಲವನ್ನೂ ಹೊರಡಲು ಕಾದು ನಿಂತಿದ್ದ ಕಾವಲುಗಾರನ ಜೀಪಿಗೆ ಹಾಕಿಸಿದರು.

"ನಮ್ದು ನಾನಾಗ್ಲೇ ಖಾಲಿ ಮಾಡಿದೀನಿ," ಎಂದಳು ಹೆಂಡತಿ. ಆ ಒಂದು ಪೆಟ್ಟಿಗೆಯನ್ನು ಸಾಹೇಬರು ತೆರೆದು ನೋಡಲಿಲ್ಲ.

ಬೆಳಿಗ್ಗೆ ಎಲ್ಲರೂ ವ್ಯಾನುಗಳ ಹಿಂದೆ ನಿಂತಿದ್ದರು. ಕಾವಲುಗಾರ ಕೋವಿ ಹಿಡಿದು ಮುಂದೆ ಕೂತಿದ್ದ. ಅಜ್ಜಿ ಬಂತು. ಬರಿಯ ಬಂಡೆಯನ್ನು ಮೂಸಿತು, ನೆಕ್ಕಿತು, ಸುತ್ತ ಒಂದು ಸುತ್ತು ಹಾಕಿತು. ಜನರ ಕಡೆ ನೋಡಿ, ಅಲ್ಲೇ ಸ್ವಲ್ಪ ಹೊತ್ತು ಕೂತಿತು. ಕೊನೆಗೆ ಎದ್ದು ಕಾಡಿನತ್ತ ತಿರುಗಿ ಹೆಜ್ಜೆ ಹಾಕಿತು. ಕಾವಲುಗಾರ ಕೋವಿ ಇಳಿಸಿದ. ಸಾಹೇಬರಿಗೆ ಹೋದ ಜೀವ ಬಂದಂತಾಯಿತು.

"ಅಯ್ಯೋ, ಹಸ್ಕೊಂಡೇ ಹೋಗ್ತಿದೆ, ಪಾಪ," ಎಂದು ಪಕ್ಕದಲ್ಲಿ ದನಿ ಕೇಳಿತು. ಸಾಹೇಬರು ತಿರುಗುವಷ್ಟರಲ್ಲಿ ಹೆಂಡತಿ ಶಾಲಿನೊಳಗಿಂದ ಮೀನೊಂದನ್ನು ತೆಗೆದು, "ಅಜ್ಜೀ, ಬಾ" ಎಂದು ಎಸೆದಾಗಿತ್ತು. ಅದು ಬಂಡೆಯವರೆಗೂ ಹೋಗಲಿಲ್ಲ, ವ್ಯಾನುಗಳ ಹತ್ತಿರವೇ ಬಿತ್ತು. ಅಜ್ಜಿ ಹಿಂತಿರುಗಿ ನೋಡಿತು. ಊಟಕ್ಕೆ ಕರೆಸಿಕೊಂಡವರ ಹಾಗೆ, ಯಾವ ಅನುಮಾನವೂ ಇಲ್ಲದೆ, ಜನರತ್ತ ನಡೆದು ಬಂತು. ಕಾವಲುಗಾರ ಗುಂಡು ಹಾರಿಸಿದ.

ಮೀನಿಗೆ ಬಾಯಿ ಹಾಕುವ ಮೊದಲೇ ಅದು ಉರುಳಿತು. ಎಲ್ಲರಿಗಿಂತ ಮೊದಲು ಓಡಿದವನು ಮೇಜರ್. ಸೊಂಟ ಸರಿಯಾಗಿತ್ತು. "ಸ್ವಲ್ಪ ಸರೀರಿ, ಮುಖ ಕಾಣ್ತಿಲ್ಲ," ಎಂದು ಫೋನು ಎತ್ತಿ ಹಿಡಿದ. ಇವನಿಗಿಂತ ಆ ಹುಳಗಳು ಮೇಲು ಅನ್ನಿಸಿತು ಸಾಹೇಬರಿಗೆ.

"ಒಂದೇ ಒಂದು ಮೀನು ರೀ," ಎಂದಳು ಹೆಂಡತಿ. "ಕೊನೇ ಸಲ ಅಂತ ಇಟ್ಕೊಂಡಿದ್ದೆ." ಆಸರೆಗೆಂದು ಗಂಡನತ್ತ ಕೈ ಚಾಚಿದಳು. ಹಿಡಿದುಕೊಳ್ಳಬೇಕೆಂದು ಸಾಹೇಬರು ನಿಜವಾಗಿಯೂ ಬಯಸಿದರು. ಆ ಬೆರಳುಗಳಿಗೆ ಅಂಟಿದ ಮೀನಿನ ಹುರುಪೆ ಬಿಸಿಲಿಗೆ ಹೊಳೆಯುತ್ತಿತ್ತು.

"ಮೊದ್ಲು ಕೈ ತೊಳ್ಕೊಂಡು ಬಾ," ಎಂದರು, ಹೋಟೆಲಿನವರಿಗೆ ಹೇಳುತ್ತಿದ್ದ ದನಿಯಲ್ಲಿ.