ಕರಪತ್ರದ ನಿಯಮ

"ರೀ, ಆ ಸಾಲೊಂದು ಬಿಟ್ಟು ಓದಿಬಿಡಿ. ಯಾರಿಗೆ ತಿಳಿಯತ್ತೆ?" ಜಲಜಾ ಅಡುಗೆಮನೆಗೆ ಬಂದ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು.

ಭೋಜರಾಜ ನೀರು ಕುಡಿದು ಹೊರಗೆ ಬಂದ. ಸೈಕಲ್ ಚೈನ್ ಕಾರ್ಖಾನೆಯಲ್ಲಿ ಸಂಘ ಕಟ್ಟಿ, ಲಾಠಿಗೂ ಜಗ್ಗದಿದ್ದ ಮನುಷ್ಯ ಈಗ ತನ್ನ ಕೈಯಾರೆ ಬರೆದ ಹಾಳೆಗೆ ಹೆದರಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಸಂಘದ ಚರಿತ್ರೆ ಬರೆಯಲು ಹೊರಟವನಿಗೆ ಹಳೆಯ ಪದ್ಧತಿ ಬಿಡಲಾಗಿರಲಿಲ್ಲ. ಆಗ ಗೇಟಿನೆದುರಿನ ಟೀ ಅಂಗಡಿಯಲ್ಲಿ ಪ್ರತಿ ಕರಪತ್ರವನ್ನೂ ಅಚ್ಚಿಗೆ ಕೊಡುವ ಮೊದಲು ಎಲ್ಲರಿಗೂ ಓದಿ ಹೇಳುತ್ತಿದ್ದರು. ಒಬ್ಬ ಕೈ ಎತ್ತಿದರೂ ಆ ಸಾಲು ಹೊಡೆದುಹಾಕಬೇಕು, ಕಾರಣ ಕೇಳಬಾರದು. ಪುಸ್ತಕಕ್ಕೂ ಅದೇ ನಿಯಮ ಎಂದು ದೊಡ್ಡ ಮನುಷ್ಯನ ಹಾಗೆ ಸಾರಿಬಿಟ್ಟಿದ್ದ.

ಮಾಧವರಂನಲ್ಲಿದ್ದ ಅವನ ಮನೆಯ ಸಣ್ಣ ಹಜಾರಕ್ಕೆ ಬಂದವರು ಇಬ್ಬರೇ. ಉಳಿದವರು ಸತ್ತಿದ್ದರು, ಇಲ್ಲವೇ ಬಸ್ಸು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಒಬ್ಬ ರಾಮದಾಸ. ಎಪ್ಪತ್ತೊಂಬತ್ತರ ಮುಷ್ಕರದಲ್ಲಿ ಮೈನ್ ಸ್ವಿಚ್ ಇಳಿಸಿ ಕಾರ್ಖಾನೆಯನ್ನೇ ನಿಲ್ಲಿಸಿದವನು ತನ್ನ ಅಣ್ಣ ವಿಷ್ಣುತೀರ್ಥ ಎಂಬುದೇ ಅವನ ಬದುಕಿನ ಹೆಮ್ಮೆ. ಪೊಲೀಸರು ಕಾಲು ಮುರಿದರೂ ಅಣ್ಣ ಬಾಯಿಬಿಡಲಿಲ್ಲ. ಕುಂಟುತ್ತಲೇ ದಿನ ತಳ್ಳಿ ಸತ್ತ. ಇನ್ನೊಬ್ಬ ಹನುಮಂತಯ್ಯ. ನಿಜವಾಗಿ ಸ್ವಿಚ್ ಇಳಿಸಿದ್ದು ಇವನು. ಹೋದ ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಭೋಜರಾಜನೊಬ್ಬನಿಗೇ ಹೇಳಿದ್ದ. "ಬರೀಲಾ?" ಎಂದು ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸಿದ್ದ.

"ಓದಿ, ತೋಳರ್," ರಾಮದಾಸ ಸಂಘದ ಕಾಲದಂತೆಯೇ ತಮಿಳಲ್ಲಿ 'ಸಂಗಾತಿ' ಎಂದು ಕರೆದ. "ನಮ್ಮಣ್ಣನ ವಿಷ್ಯ ಬಂತಾ?"

ಭೋಜರಾಜ ಹಾಳೆ ಎತ್ತಿಕೊಂಡ. ಬಿಟ್ಟರೆ ಇದು ಚರಿತ್ರೆಯಲ್ಲ. ಓದಿದರೆ ಇವರಿಬ್ಬರೂ ಮತ್ತೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೊನೆಗೆ ಓದಿದ: "ಸ್ವಿಚ್ ಇಳಿಸಿದವನು ಹನುಮಂತಯ್ಯ. ವಿಷ್ಣುತೀರ್ಥ ಅವನ ಹೆಸರು ಹೇಳದೆ ಏಟು ತಿಂದ."

ಹನುಮಂತಯ್ಯನ ಮುಖ ಬಿಳಿಚಿಕೊಂಡಿತು. ರಾಮದಾಸ ಅವನ ಕಡೆ ತಿರುಗಲೂ ಇಲ್ಲ, ನಿಧಾನವಾಗಿ ಬಲಗೈ ಎತ್ತಿದ.

ಬದುಕಿದೆಯಾ ಬಡಜೀವವೇ ಎಂದುಕೊಂಡ ಭೋಜರಾಜ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಪೆನ್ನಿನ ಮುಚ್ಚಳ ತೆಗೆದು ಮೊನೆಯನ್ನು ಸಾಲಿನ ಮೇಲಿಟ್ಟ.

ಹನುಮಂತಯ್ಯ ಬಾಗಿ ಅವನ ಮಣಿಕಟ್ಟು ಹಿಡಿದುಕೊಂಡ.

"ಹೊಡೆದುಹಾಕ್ಬೇಡಿ."

"ಕೈ ಎತ್ತಿದ್ದಾರಲ್ಲಪ್ಪ."

"ಗೊತ್ತು. ಇವ್ರ ಮುಂದೆ ಬಂದಾಗೆಲ್ಲ ಹೆದ್ರಿ ಸತ್ತಿದೀನಿ. ಈಗ್ಲೂ ಹೆದ್ರಿಕೆನೇ. ಆದ್ರೂ ಇರ್ಲಿ."

ರಾಮದಾಸ ಆಗ ಅವನನ್ನು ನೋಡಿದ. ಕಾಫಿ ತಂದ ಜಲಜಾ ಹೊಸಿಲಲ್ಲೇ ನಿಂತಳು. ರಾಮದಾಸನ ಕೈ ಮೇಲೇ ಇತ್ತು, ಇಳಿಸುವುದನ್ನು ಮರೆತವನಂತೆ.