ಬಿದ್ಯಾ ಕುಂಟಣ್ಣ?

ಹದಿನೆಂಟು ವರ್ಷದಿಂದ ನಾನು ಕಾಲು ಮಾಡುತ್ತೇನೆ. ಕಾಲು ಕಳೆದುಕೊಂಡವರಿಗೆ ಪ್ಲಾಸ್ಟಿಕ್ಕು, ಕೊಳವೆ, ರಬ್ಬರ್ ಪಾದ ಸೇರಿಸಿ ಇನ್ನೊಂದು ಕಾಲು. ಈ ಕೆಲಸ ಹಿಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಜನರ ಮುಖ ಮರೆತುಹೋಗುತ್ತದೆ, ನಡಿಗೆ ಮಾತ್ರ ಮರೆಯುವುದಿಲ್ಲ. ಮದುವೆಮನೆಯಲ್ಲಿ ಸಿಕ್ಕಿ ನಮಸ್ಕಾರ ಹೇಳಿದವರನ್ನು ಪಿಳಿಪಿಳಿ ನೋಡುತ್ತಾ ನಿಲ್ಲುತ್ತೇನೆ, ಅವರು ತಿರುಗಿ ನಾಲ್ಕು ಹೆಜ್ಜೆ ಹೋದ ಮೇಲೆ ಹೆಸರು ಹಿಡಿದು ಕೂಗುತ್ತೇನೆ.

ಆ ಸೋಮವಾರ ಬೆಳಗ್ಗೆ ಕಾಯುವ ಬೆಂಚಿನ ಮೇಲೆ ಬಸ್ ಕಂಡಕ್ಟರಮ್ಮ ಕೂತಿದ್ದರು. ಕಾಲನ್ನು ರಿಪೇರಿಗೆ ಬಿಚ್ಚಿಕೊಟ್ಟು, ಮೊಬೈಲ್ ಹಿಡಿದು, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

"ಏನಮ್ಮಾ ಅದು, ಅಷ್ಟೊಂದು ನಗು?"

"ಹೊಸಾ ಗೇಮು ಮೇಡಂ. 'ಬಿದ್ಯಾ ಕುಂಟಣ್ಣ' ಅಂತ. ನಮ್ಮ ಡಿಪೋದಲ್ಲಿ ಎಲ್ಲರ ಫೋನಲ್ಲೂ ಇದೆ. ನಾನು ಮೂವತ್ತೇಳನೇ ಹಂತಕ್ಕೆ ಬಂದಿದ್ದೀನಿ ಗೊತ್ತಾ?"

ಹೆಸರು ಕೇಳಿಯೇ ನನ್ನ ಹುಬ್ಬು ಗಂಟಾಯಿತು. ಪರದೆಯ ಮೇಲೆ ಮೀಸೆಯ ಮನುಷ್ಯನೊಬ್ಬ ಎಡಗಾಲು ಹೊರಗೆ ಸುತ್ತಿ, ಬಲಗಾಲಲ್ಲಿ ಕುಪ್ಪಳಿಸುತ್ತಾ ರಸ್ತೆ ದಾಟುತ್ತಿದ್ದ, ಆ ನಡಿಗೆ ನನಗೆ ಗುರುತಿನದಲ್ಲ. ಗುಂಡಿ, ನಾಯಿ, ಒದ್ದೆ ನೆಲ. ಬೆರಳು ಒತ್ತುವುದು ಒಂದು ಕ್ಷಣ ತಡವಾದರೆ ಅವನು ಕೈಕಾಲು ಮೇಲೆ ಮಾಡಿ ಬೀಳುತ್ತಾನೆ, ಫೋನು "ಬಿದ್ಯಾ ಕುಂಟಣ್ಣ?" ಎಂದು ರಾಗವಾಗಿ ಕೇಳುತ್ತದೆ, ಹಿಂದೆ ಹತ್ತಾರು ಜನ ಗೊಳ್ಳೆಂದು ನಗುತ್ತಾರೆ. ಅವನು ಏಳುತ್ತಾನೆ. ಹೆಜ್ಜೆ ಇಡುವ ಮೊದಲು ಬಲಗೈಯಿಂದ ತೊಡೆಯ ಮೇಲಿನ ಬಟ್ಟೆಯನ್ನು ಒಮ್ಮೆ ನೀವಿ ಸರಿಮಾಡಿಕೊಳ್ಳುತ್ತಾನೆ.

ಆ ಕೈ ನೋಡಿದ್ದೇ ನನ್ನ ಮೈಯೆಲ್ಲ ಉರಿಯಿತು. ಬಟ್ಟೆಯನ್ನು ಹಾಗೆ ನೀವುವವರು ನನ್ನ ಬಳಿ ಬರುವವರಲ್ಲಿ ಒಬ್ಬರೇ. ಟೈಲರ್ ಮಾಸ್ಟರು. ಮೂವತ್ತೈದು ವರ್ಷ ಹೊಲಿದ ಕೈ, ಎದುರಿಗೆ ಬಟ್ಟೆ ಕಂಡರೆ ಸುಕ್ಕು ಬಿಡಿಸದೆ ಇರುವುದಿಲ್ಲ.

ಈ ಗೇಮು ಮಾಡಿದ್ದು ಯಾರೆಂದು ಬೇರೆ ಹೇಳಬೇಕೇ? ನನ್ನ ಸ್ವಂತ ತಮ್ಮ. ನಾಲ್ಕು ತಿಂಗಳ ಹಿಂದೆ ಅವನು ಇಬ್ಬರನ್ನು ಕರೆದುಕೊಂಡು, ಕ್ಯಾಮೆರಾ ಹೊತ್ತು, ಹಲ್ಲು ಗಿಂಜುತ್ತಾ ಬಂದಿದ್ದ. "ಅಕ್ಕಾ, ಕೃತಕ ಕಾಲಲ್ಲಿ ಹೇಗೆ ನಡೀತಾರೆ ಅಂತ ಸ್ವಲ್ಪ ಸ್ಟಡಿ ಮಾಡ್ಬೇಕು, ಒಬ್ಬರನ್ನ ಕೊಡು" ಎಂದ. ಅಂದೇ ಮಾಸ್ಟರಿಗೆ ಹೊಸ ಕಾಲು ಕೂಡಿಸಿದ್ದೆ, ಎಡಗಾಲು, ಮೊಣಕಾಲಿನ ಕೆಳಗೆ. ಅವರನ್ನೇ ಕೇಳಿದೆ. "ನೀವು ಹೇಳಿದ್ರೆ ಆಯ್ತು ಮೇಡಂ" ಎಂದರು. ನನ್ನ ಮಾತಿಗೆ ಒಪ್ಪಿದರು. ನಾನು ಒಳಗೆ ಪ್ಲಾಸ್ಟರ್ ಕಲಸಲು ಹೋದೆ, ಅವರು ಹೊರಗೆ ನಡಿಗೆ ಕಲಿಸುವ ಕಂಬಿಗಳ ನಡುವೆ ನಡೆದರು, ಇವರು ಅದನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಹೋದರು.

ಕಂಡಕ್ಟರಮ್ಮನ ಕಾಲಿಗೆ ಎರಡು ತಿರುಪು ಬಿಗಿದುಕೊಟ್ಟು ನೇರವಾಗಿ ತಮ್ಮನ ಆಫೀಸಿಗೆ ಹೋದೆ. ಎಂಟು ಕಂಪ್ಯೂಟರು, ಗೋಡೆಗೆ ಕುಂಟಣ್ಣನ ದೊಡ್ಡ ಚಿತ್ರ, ಅದರ ಕೆಳಗೆ ಕಾಫಿ ಯಂತ್ರ. ತಮ್ಮ ನನ್ನ ಮುಖ ನೋಡಿದವನೇ ಕುರ್ಚಿ ಎಳೆದು ಹಾಕಿದ. ನಾನು ಕೂರಲಿಲ್ಲ.

"ಹೆಸರು ತೆಗಿ."

"ಅಕ್ಕಾ, ಸ್ವಲ್ಪ ಕೂತ್ಕೋ. ಅದು ತಮಾಷೆ. 'ಎಚ್ಚರಿಕೆಯಿಂದ ನಡೆಯಿರಿ' ಅಂತ ಹೆಸರಿಟ್ರೆ ಯಾರು ಆಡ್ತಾರೆ? ಹೆಸರು ಕೇಳಿದ ತಕ್ಷಣ ಕಚಗುಳಿ ಆಗ್ಬೇಕು."

"ಯಾರಿಗೆ ಕಚಗುಳಿ?"

"ಅಣ್ಣ ಅಂತ ಮರ್ಯಾದೆಯಿಂದಾನೇ ಕರೆದಿದ್ದೀವಲ್ಲ! ಕಾಲಿಲ್ಲದೋರೇ ಆಡ್ತಿದ್ದಾರೆ, ಚೆನ್ನಾಗಿದೆ ಅಂತ ಬರೀತಿದ್ದಾರೆ. ಬೇಕಾದ್ರೆ ತೋರಿಸ್ತೀನಿ."

ತೋರಿಸುವುದು ಬೇಕಿರಲಿಲ್ಲ. ಮೂವತ್ತೇಳನೇ ಹಂತದವರನ್ನು ಈಗಷ್ಟೇ ಬಿಟ್ಟು ಬಂದಿದ್ದೆ. "ಅವರು ನಕ್ಕರೆ ಅವರಿಷ್ಟ" ಎಂದೆ. "ಮಾಸ್ಟರ ನಡಿಗೆ ಕದ್ದು, ಅದಕ್ಕೆ ಈ ಹೆಸರು ಹಚ್ಚಿ ಊರಿಗೆಲ್ಲ ಹಂಚಿದ್ದೀಯ. ಸ್ಟಡಿ ಅಂತ ಹೇಳಿ ನನ್ನ ಕೈಯಲ್ಲೇ ಕೊಡಿಸ್ಕೊಂಡೆ. ನಾಚಿಕೆ ಆಗಲ್ವಾ?"

ಅವನಿಗೂ ಸಿಟ್ಟು ಬಂತು. "ನೀನು ಹೆಸರಿನ ಬಗ್ಗೆ ಮಾತಾಡ್ತೀಯಾ? ನನ್ನನ್ನ ಹತ್ತನೇ ಕ್ಲಾಸ್ ಮುಗಿಯೋವರೆಗೂ ಡುಮ್ಮ ಅಂತ ಕರೆದಿದ್ದು ಯಾರು? ನನ್ನ ಸ್ನೇಹಿತರ ಮುಂದೆ, ಮಹಡಿ ಮೇಲಿಂದ?"

"ಅದು ಮನೆ ಮಾತು. ಪ್ರೀತಿಯಿಂದ."

"ಪ್ರೀತಿಯಿಂದಾನೇ. ನಾನು ಬಚ್ಚಲಲ್ಲಿ ನೀರು ಬಿಟ್ಕೊಂಡು ಅಳ್ತಿದ್ದೆ. ಸತ್ತೋಗಲಿಲ್ಲ ತಾನೆ? ಹೆಸರಿಂದ ಯಾರೂ ಸಾಯಲ್ಲ ಅಕ್ಕಾ."

ಎಂಟು ಕಂಪ್ಯೂಟರಿನ ಹಿಂದಿನ ಎಂಟು ತಲೆಗಳೂ ನಮ್ಮ ಕಡೆ ತಿರುಗಿದ್ದವು. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ನನ್ನ ಸಿಟ್ಟು ಇಮ್ಮಡಿಯಾಯಿತು. ಅತ್ತವನೇ ಹೋಗಿ ಇನ್ನೊಬ್ಬರಿಗೆ ಹೆಸರಿಡುತ್ತಾನಲ್ಲ, ಇವನಿಗೆ ಏನು ಹೇಳುವುದು! ಬಾಗಿಲು ದಬ್ಬಿಕೊಂಡು ಹೊರಬಂದೆ.

ಮಾಸ್ಟರ ಅಂಗಡಿಗೆ ಹೋದರೆ ಬೀಗ ಹಾಕಿತ್ತು. ಅದೇ ಬೀದಿಯ ಕೊನೆಯಲ್ಲಿ ಮನೆ. ಅವರ ಹೆಂಡತಿ ಬಾಗಿಲು ತೆಗೆದರು. "ಒಂಬತ್ತು ದಿನ ಆಯ್ತಮ್ಮ, ಹೊಸ್ತಿಲು ದಾಟಿಲ್ಲ. ಕೇಳಿದೋರಿಗೆಲ್ಲ ಜ್ವರ ಅಂತ ಹೇಳಿ ಹೇಳಿ ನಂಗೇ ಜ್ವರ ಬರೋ ಹಾಗಾಗಿದೆ" ಎಂದು ಪಿಸುಗುಟ್ಟಿದರು. ಮಾಸ್ಟರು ಗೋಡೆಗೊರಗಿ ಕೂತು ಯಾವುದೋ ಬ್ಲೌಸಿಗೆ ಕೈಹೊಲಿಗೆ ಹಾಕುತ್ತಿದ್ದರು. ನಾನು ಮಾಡಿದ ಕಾಲು ಮೂಲೆಯಲ್ಲಿತ್ತು, ಟವೆಲು ಸುತ್ತಿಕೊಂಡು.

"ಗೇಮು ನೋಡಿದ್ರಾ?" ಎಂದು ಕೇಳಿದೆ.

"ಅಳಿಯ ತೋರಿಸ್ದ. 'ಮಾವಾ, ಥೇಟ್ ನಿಮ್ಮ ಹಾಗೇ ಇದೆ' ಅಂತ." ಅವರು ಸೂಜಿಯಿಂದ ಕಣ್ಣೆತ್ತಲಿಲ್ಲ. "ಆಮೇಲೆ ಬೀದೀಲಿ ಶುರುವಾಯ್ತು. ನಾನು ಈ ಕಾಲು ಹಾಕ್ಕೊಂಡ ಮೇಲೆ ಒಂದು ಸಲಾನೂ ಬಿದ್ದಿಲ್ಲ ಮೇಡಂ. ಒಂದು ಸಲಾನೂ."

ಕಾಲು ಹಾಕಿಕೊಂಡು ನಡೆದು ತೋರಿಸಿ ಎಂದೆ. ಬೇಡವೆಂದರು. ಹಟ ಹಿಡಿದೆ. ಚಪ್ಪಲಿ ಮೆಟ್ಟಿ ನಡುಮನೆಯಲ್ಲಿ ನಾಲ್ಕು ಹೆಜ್ಜೆ ನಡೆದರು. ಎಡಗಾಲು ಅರ್ಧಚಂದ್ರದ ಹಾಗೆ ಹೊರಗೆ ಸುತ್ತಿ ಬರುತ್ತಿತ್ತು, ಬಲಗಾಲು ಸಣ್ಣಗೆ ಕುಪ್ಪಳಿಸುತ್ತಿತ್ತು. ಪರದೆಯ ಮೇಲೆ ಕಂಡದ್ದು ಅದೇ. ಆದರೆ ನಾನು ಅವರಿಗೆ ಆ ನಡಿಗೆ ಕೊಟ್ಟಿರಲಿಲ್ಲ.

"ಅವತ್ತು ನನ್ನ ಮುಂದೆ ನೀವು ಹೀಗೆ ನಡೀಲಿಲ್ಲ."

"ಅವತ್ತು ಬೂಟು ಇತ್ತಲ್ಲ ಮೇಡಂ. ಕ್ಯಾಮೆರಾದವರು ಬಿಚ್ಚಿಸಿದ್ರು, ಪಾದ ಕಾಣ್ಬೇಕು ಅಂತ."

"ಯಾರ ಬೂಟು?"

"ಅಳಿಯಂದು. ಹೊಸ ಕಾಲು ಹಾಕಿಸ್ಕೊಳ್ಳೋ ದಿನ, ನಿಮ್ಮ ಮುಂದೆ ಹಳೇ ಚಪ್ಪಲೀಲಿ ಬರೋದು ಚೆನ್ನಾಗಿರಲ್ಲ ಅಂತ ಇಸ್ಕೊಂಡು ಬಂದಿದ್ದೆ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಬೂಟಿನ ಹಿಮ್ಮಡಿ ಎರಡು ಬೆರಳು ಎತ್ತರ. ಆ ಎತ್ತರಕ್ಕೇ ನಾನು ಪಾದದ ಓರೆ ಕೂಡಿಸಿದ್ದೆ. ಚಪ್ಪಲಿ ಮೆಟ್ಟಿದ ಕೂಡಲೇ ಆ ಮನುಷ್ಯನಿಗೆ ಸಪಾಟು ನೆಲವೂ ದಿಬ್ಬ ಹತ್ತಿದ ಹಾಗೆ. ದಿನಾ ಏನು ಮೆಟ್ಟುತ್ತೀರಿ ಎಂಬುದು ನಮ್ಮಲ್ಲಿ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪ್ರಶ್ನೆ. ಅದನ್ನು ನಾನು ಕೇಳಿರಲಿಲ್ಲ. ನಾಲ್ಕು ತಿಂಗಳು ಇವರು ದಿಬ್ಬ ಹತ್ತಿದ್ದಾರೆ, ನನಗೆ ಬೇಜಾರಾಗುತ್ತದೆಂದು ಬಾಯಿ ಬಿಟ್ಟಿಲ್ಲ. ಲಕ್ಷ ಜನ ಬಿದ್ದು ಬಿದ್ದು ನಗುತ್ತಿರುವುದು ನನ್ನ ತಪ್ಪಿಗೆ.

"ತಪ್ಪು ನಂದು ಮಾಸ್ಟ್ರೇ" ಎಂದೆ. ಚೀಲದಿಂದ ತಿರುಪು ಬಿಗಿಯುವ ಅಲೆನ್ ಕೀ ತೆಗೆದೆ. "ಹತ್ತು ನಿಮಿಷ ಕೊಡಿ. ಆ ಕುಪ್ಪಳಿಸೋದು ಇರಲ್ಲ. ಯಾರೂ ನಿಮ್ಮನ್ನ ಆ ಗೇಮಿನೋನು ಅನ್ನಲ್ಲ."

ಅವರು ಕಾಲನ್ನು ನನ್ನ ಕೈಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿಮ್ಮ ತಮ್ಮ ಹೆಸರು ತೆಗೀತಾರಂತಾ?"

"ಇಲ್ಲ."

"ಮತ್ತೆ ನನ್ನ ಕಾಲು ಯಾಕೆ ಬದಲಾಯಿಸ್ತೀರಿ? ಇದು ಸರಿಹೋಗೋ ಕಾಲು, ಸರಿ. ಸರಿಹೋಗದೇ ಇದ್ದಿದ್ರೆ? ಆಗ ಅವರು ನಗೋದು ನ್ಯಾಯವಾ?" ಅವರ ದನಿ ಏರಿದ್ದನ್ನು ನಾನು ಮೊದಲ ಸಲ ಕೇಳಿದೆ. ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿ ಹಿಂದೆ ಸರಿದರು. "ನೋವು ಕಡಿಮೆಯಾಗುತ್ತೆ, ಅದಕ್ಕಾದ್ರೂ ಕೊಡಿ" ಎಂದೆ. ಅದಕ್ಕೆ ಒಪ್ಪಿದರು.

ಮೂರು ತಿರುಪು ಸಡಿಲಿಸಿ, ಪಾದದ ಓರೆ ಇಳಿಸಿ, ಮತ್ತೆ ಬಿಗಿದೆ. ಅವರು ಎದ್ದು ನಡೆದರು. ಕಾಲು ನೇರವಾಗಿ ಬಂತು. ಗೋಡೆಯವರೆಗೆ ಹೋಗಿ ತಿರುಗಿ ಬಂದು, "ನಿಮ್ಮ ತಮ್ಮನಿಗೆ ಫೋನ್ ಹಚ್ಚಿ" ಎಂದರು.

ಹಚ್ಚಿದೆ. ಸ್ಪೀಕರ್ ಹಾಕಿಸಿಕೊಂಡರು.

"ಸ್ವಾಮಿ, ನಾನು ನಿಮ್ಮ ಗೇಮಿನಲ್ಲಿ ಬೀಳೋನು. ಟೈಲರು. ಮನೆಯಿಂದ ಅಂಗಡಿಗೆ ಹೊರಟಿದ್ದೀನಿ, ನೂರಿಪ್ಪತ್ತು ಹೆಜ್ಜೆ. ನೀವು ಏನೂ ಮಾತಾಡ್ಬೇಡಿ. ಕಟ್ ಮಾಡ್ಬೇಡಿ. ಕೇಳಿಸ್ಕೊಳ್ತಾ ಇರಿ." ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊಸ್ತಿಲು ದಾಟಿದರು.

ನಾನು ಎರಡು ಹೆಜ್ಜೆ ಹಿಂದೆ ನಡೆದೆ. ಅವರ ನಡಿಗೆಯಲ್ಲಿ ಈಗ ಹೆಸರಿಡುವಂಥದ್ದು ಏನೂ ಇರಲಿಲ್ಲ. ಕ್ಷೌರದಂಗಡಿಯವನು ಕತ್ತರಿ ಮೇಲೆತ್ತಿ, "ಓಹೋ, ಬಿದ್ಯಾ ಕುಂಟಣ್ಣ?" ಎಂದ. ಇಸ್ತ್ರಿಯವನು ಅದನ್ನೇ ರಾಗ ಎಳೆದು ಹೇಳಿದ. ಟೀ ಅಂಗಡಿಯ ಮುಂದೆ ಲೋಟ ಹಿಡಿದು ನಿಂತ ಒಬ್ಬ, ಮಾಸ್ಟರ ಪರಿಚಯವೇ ಇಲ್ಲದವನು, ಪಕ್ಕದವನಿಗೆ ತೋರಿಸಿ ಅದನ್ನೇ ಕೂಗಿ ಹೇಳಿದ. ನಾಲ್ಕನೆಯವರು ಹಾಲಿನ ಅಂಗಡಿಯಾಕೆ. ಅವರ ಮೂವರು ಹೆಣ್ಣುಮಕ್ಕಳ ಮದುವೆಯ ಬ್ಲೌಸ್ ಹೊಲಿದವರು ಮಾಸ್ಟರೇ. ಆಕೆ ಹೊರಗೆ ಓಡಿಬಂದು, ಜ್ವರ ಬಿಟ್ಟಿತಾ ಎಂದು ವಿಚಾರಿಸಿ, ಮುಖವರಳಿಸಿ, ತುಂಬು ಪ್ರೀತಿಯಿಂದ ಅದೇ ಹೆಸರು ಹಿಡಿದು ಕರೆದರು. ನನಗೆ ಆಕೆಯ ಮೇಲೆ ಬಂದಷ್ಟು ಕೋಪ ಉಳಿದ ಮೂವರ ಮೇಲೆ ಬರಲಿಲ್ಲ. ಅಲ್ಲೇ ನಿಂತು ಬೈಯಬೇಕೆಂದಿದ್ದೆ, ಮಾಸ್ಟರು ಕೈ ಅಡ್ಡ ಹಿಡಿದರು.

ಅಂಗಡಿಯ ಶಟರ್ ಎತ್ತಿ ಜೇಬಿನಿಂದ ಫೋನ್ ತೆಗೆದರು.

"ಇದ್ದೀರಾ?"

"ಇದ್ದೀನಿ" ಎಂದ ತಮ್ಮ.

"ಎಷ್ಟು ಜನ ಕೇಳಿದ್ರು?"

"ನಾಲ್ಕು ಜನ."

"ನಾನು ಎಷ್ಟು ಸಲ ಬಿದ್ದೆ?"

"ಬೀಳಲಿಲ್ಲ."

"ಹಾಗಾದ್ರೆ ಬಂದು ಅವರಿಗೆ ನೀವೇ ಹೇಳಿ ಸ್ವಾಮಿ. ನಾನು ಹೇಳಿದ್ರೆ ತಮಾಷೆ ಅಂದ್ಕೋತಾರೆ. ನಂಗೆ ಕೆಲಸ ಇದೆ."

ಫೋನನ್ನು ನನ್ನ ಕೈಗಿಟ್ಟು, ಮೆಷಿನ್ನಿನ ಮೇಲಿನ ಹೊದಿಕೆ ತೆಗೆದು ಕೂತರು. ತಮ್ಮ ಅತ್ತ ಕಡೆ "ಅಕ್ಕಾ... ಅಕ್ಕಾ" ಎನ್ನುತ್ತಿದ್ದ. ಹಾಲಿನ ಅಂಗಡಿಯಾಕೆ ಇನ್ನೂ ನಗುಮುಖದಲ್ಲೇ ನಮ್ಮ ಕಡೆ ನೋಡುತ್ತಿದ್ದರು. ನಾನು ಫೋನನ್ನು ಹಾಗೇ ಹಿಡಿದುಕೊಂಡು ರಸ್ತೆ ದಾಟಿ ಹೋಗಿ ಅವರ ಕೈಗೆ ಕೊಟ್ಟೆ.

"ನಿಮ್ಮ ಹತ್ರ ಮಾತಾಡ್ಬೇಕಂತೆ" ಎಂದೆ.