ಶಾಹ್‌ಗುಲ್ ಅಮೆರಿಕ ಬಿಡಲೊಪ್ಪಲಿಲ್ಲ

ವಿಮಾನ ನಿಲ್ದಾಣದಿಂದ ಹೊರಟ ಬಸ್ಸು ಅಲ್ಬೇನಿಯಾದ ಶೆಂಜಿನ್ ಕಡಲತೀರದ ಹೋಟೆಲಿನ ಮುಂದೆ ನಿಂತಾಗ ಮುದುಕಿ ಶಾಹ್‌ಗುಲ್ ಕಿಟಕಿಯಿಂದ ಮೇಲೆ ನೋಡಿದಳು. ಮಾಳಿಗೆಯ ಮೇಲೆ ಪಂಜು ಹಿಡಿದ ಹಸಿರು ಹೆಂಗಸೊಬ್ಬಳು ನಿಂತಿದ್ದಳು. ಪ್ರವಾಸಿಗರನ್ನು ಸೆಳೆಯಲೆಂದು ಹೋಟೆಲಿನ ಮಾಲೀಕ ಗಾರೆಯಲ್ಲಿ ಮಾಡಿಸಿ ನಿಲ್ಲಿಸಿದ ಬೊಂಬೆ ಅದು. ಆದರೆ ಅದೇ ಹೆಂಗಸಿನ ಚಿತ್ರವನ್ನು ಮಗ ನೇಮತುಲ್ಲಾ ಹೆರಾತಿನ ಮನೆಯಲ್ಲಿ ಅವಳಿಗೆ ತೋರಿಸಿ, ಇವಳು ಕಣ್ಣಿಗೆ ಬಿದ್ದರೆ ಅಮೆರಿಕ ಬಂತು ಅಂತ ತಿಳ್ಕೋ ಎಂದಿದ್ದ. ಶಾಹ್‌ಗುಲ್ ಬಸ್ಸಿಳಿದವಳೇ ಕಾರು ನಿಲ್ಲಿಸುವ ಜಾಗದಲ್ಲಿ ನೆಲಕ್ಕೆ ಹಣೆ ಹಚ್ಚಿ ದೇವರನ್ನು ನೆನೆದಳು.

ಅಮೆರಿಕನ್ನರ ಕಚೇರಿಯೊಂದಕ್ಕೆ ಕಾರು ಓಡಿಸಿದ ತಪ್ಪಿಗೆ ಊರು ಬಿಟ್ಟು ಓಡಬೇಕಾಗಿ ಬಂದವನು ನೇಮತ್. ವೀಸಾ ಸಿಗುವ ತನಕ ಅಲ್ಬೇನಿಯಾದಲ್ಲಿರಿ ಎಂದು ಸರ್ಕಾರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಇವರನ್ನು ಇಲ್ಲಿಗೆ ತಂದಿಳಿಸಿದ್ದವು. ಇದು ಅಮೆರಿಕ ಅಲ್ಲ ಎಂದು ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡ. ಬೆಳಿಗ್ಗೆ ನೋಡಿದರೆ ತಾಯಿ ಬಾಲ್ಕನಿಯಲ್ಲಿ ಕೂತು, ಜನ್ಮದಲ್ಲಿ ಮೊದಲ ಸಲ ಕಡಲು ನೋಡುತ್ತ ಚಹಾ ಕುಡಿಯುತ್ತಿದ್ದಳು. ಇವತ್ತು ಬೇಡ ಎಂದಳು ಹೆಂಡತಿ ಫರಂಗೀಸ್. ಬೇಡ ಬೇಡ ಎನ್ನುತ್ತಲೇ ಎರಡು ಚಳಿಗಾಲ ಕಳೆದವು. ಅಷ್ಟರಲ್ಲಿ ಹೋಟೆಲಿನಲ್ಲಿದ್ದ ಅಫ್ಘನ್ನರೆಲ್ಲ ಈ ಸುಳ್ಳಿನಲ್ಲಿ ಪಾಲುದಾರರಾಗಿದ್ದರು. ಎದುರಿಗೆ ಸಿಕ್ಕವರು ಸಲಾಮು ಹೇಳಿ, ಅಮೆರಿಕದ ಹವೆ ಒಗ್ಗಿತಾ ಎಂದು ಮುದುಕಿಯನ್ನು ವಿಚಾರಿಸುತ್ತಿದ್ದರು.

ಅವಳಿಗೆ ಚೆನ್ನಾಗಿಯೇ ಒಗ್ಗಿತ್ತು. ಹೋಟೆಲಿನ ಹಿಂದೆ ಕೋಳಿ ಸಾಕಿಕೊಂಡಿದ್ದ ವಿಧವೆ ಮ್ರಿಕಾ ಅವಳ ಗೆಳತಿಯಾಗಿದ್ದಳು. ಒಬ್ಬಳ ಭಾಷೆ ದರಿ, ಇನ್ನೊಬ್ಬಳದು ಅಲ್ಬೇನಿಯನ್. ಮಂಡಿನೋವು, ಕೋಳಿ, ಸೊಸೆಯಂದಿರ ವಿಷಯಕ್ಕೆ ಅಷ್ಟು ಸಾಕಾಗುತ್ತಿತ್ತು.

ಅಮೆರಿಕಕ್ಕೆ ಹೋಗುವವರಿಗೆ ಅಲ್ಲಿಯ ರೀತಿನೀತಿ ಕಲಿಸಲು ಸಂಸ್ಥೆಯೊಂದು ಷಿಕಾಗೋದಲ್ಲಿ ಹುಟ್ಟಿ ಬೆಳೆದ ಹುಡುಗನೊಬ್ಬನನ್ನು ಕಳಿಸಿತು. ಅಮೆರಿಕದಲ್ಲಿ ಫೋನ್ ಮಾಡದೆ ಯಾರ ಮನೆಗೂ ಹೋಗಬಾರದು ಎಂದು ಅವನು ಪಾಠ ಶುರುಮಾಡುತ್ತಲೇ ಶಾಹ್‌ಗುಲ್ ಎದ್ದು ನಿಂತಳು.

"ಯಾರಪ್ಪಾ ನಿಂಗೆ ಹೇಳಿದ್ದು? ನಾನು ದಿನಾ ಮ್ರಿಕಾ ಮನೆಗೆ ಹೋಗ್ತೀನಿ. ಒಂದಿನ ತಪ್ಪಿಸಿದ್ರೆ ಬೈತಾಳೆ. ನೀನು ಈ ಹೋಟ್ಲು ಬಿಟ್ಟು ಆಚೆ ಕಾಲಿಟ್ಟಿದ್ದೀಯಾ?"

ಹುಡುಗ ನೇಮತ್‌ನ ಮುಖ ನೋಡಿದ. ನೇಮತ್ ನೆಲ ನೋಡಿದ.

ಕೊನೆಗೂ ವೀಸಾದ ಸಂದರ್ಶನ ಬಂತು. ಅಮೆರಿಕಕ್ಕೆ ಯಾಕೆ ಹೋಗಬೇಕು ಅಂತಿದ್ದೀರಿ ಎಂದು ಅಧಿಕಾರಿ ಕೇಳಿದ. ನಾನ್ಯಾಕಪ್ಪಾ ಹೋಗ್ಲಿ, ಇಲ್ಲೇ ಇದ್ದೀನಲ್ಲ ಎಂದಳು ಶಾಹ್‌ಗುಲ್. ಅಧಿಕಾರಿ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದ. ಮುದುಕಿಯ ಬುದ್ಧಿ ನೆಟ್ಟಗಿದೆ ಎಂದು ವೈದ್ಯರು ಹೇಳಬೇಕು, ಇಲ್ಲದಿದ್ದರೆ ಇಡೀ ಕುಟುಂಬ ಸರದಿಯ ಕೊನೆಗೆ ಹೋಗುತ್ತದೆ ಎಂದ. ನೀವು ಯಾವ ದೇಶದಲ್ಲಿದ್ದೀರಿ ಎಂಬುದೇ ವೈದ್ಯರ ಮೊದಲ ಪ್ರಶ್ನೆ ಎಂದು ಹಿಂದೆ ಹೋಗಿಬಂದವರು ತಿಳಿಸಿದರು.

ಬೇರೆ ದಾರಿಯಿರಲಿಲ್ಲ. ನೇಮತ್ ತಾಯಿಯ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ಬೊಂಬೆಯದನ್ನೂ ಹೇಳಿದ. ಅವಳು ಮಗನ ಕೆನ್ನೆ ಸವರಿದಳು.

"ಹೀಗೆ ಹೇಳು ಅಂತ ಹೇಳಿಕೊಟ್ರಾ ನಿಂಗೆ? ಹಿಂದೆ ನಾವು ಪಕ್ಕದ ದೇಶಕ್ಕೆ ಓಡಿಹೋಗಿದ್ದಾಗ ಅಕ್ಕಿ ಕೊಡ್ತೀವಿ ಬನ್ನಿ ಅಂತ ಬಸ್ ಹತ್ತಿಸಿ ಗಡಿ ದಾಟಿಸಿ ವಾಪಸ್ ಅಟ್ಟಿದ್ರು. ಇವರು ಇನ್ನೂ ಜಾಣರು. ದೇಶಾನೇ ಇದಲ್ಲ ಅಂತಿದ್ದಾರೆ."

"ಅಮ್ಮಾ, ನೀನು ನಂಬದಿದ್ರೂ ಪರವಾಗಿಲ್ಲ. ಡಾಕ್ಟ್ರು ಕೇಳಿದ್ರೆ ಅಲ್ಬೇನಿಯಾ ಅನ್ನು. ಇಲ್ಲಾಂದ್ರೆ ಎಲ್ಲರೂ ಸಿಕ್ಕಿಹಾಕ್ಕೋತೀವಿ."

"ಅಮೆರಿಕದಲ್ಲಿ ಕೂತ್ಕೊಂಡು ಸುಳ್ಳು ಹೇಳಿಸ್ತೀಯಲ್ಲೋ," ಎಂದಳು ಅವಳು. ಸೊಸೆಯ ಮುಖ ನೋಡಿ ಒಪ್ಪಿದಳು.

ವೈದ್ಯರ ಕೋಣೆಯಲ್ಲಿ ಪರಿವಶ್ ಎಂಬ ಕಾಬೂಲಿನ ಹುಡುಗಿ ದುಭಾಷಿಯಾಗಿದ್ದಳು. ಈಗ ಯಾವ ದೇಶದಲ್ಲಿದ್ದೀರಿ ಎಂದು ವೈದ್ಯರು ಕೇಳಿದರು.

"ಅಲ್ಬೇನಿಯಾ ಅನ್ನು ಅಂತ ಮಗ ಹೇಳಿದ್ದಾನೆ," ಎಂದಳು ಶಾಹ್‌ಗುಲ್.

ಪರಿವಶ್ ಅಲ್ಬೇನಿಯಾ ಎಂದಷ್ಟೇ ಹೇಳಿದಳು.

ಮುಂದೆ ಎಲ್ಲಿಗೆ ಹೋಗುತ್ತಿದ್ದೀರಿ?

"ಅಮೆರಿಕದಿಂದ ಆಚೆ ಹಾಕ್ತಿದ್ದಾರೆ. ಎಲ್ಲಿಗೆ ಅಂತ ಯಾರೂ ಸರಿಯಾಗಿ ಹೇಳ್ತಿಲ್ಲ."

ಅಮೆರಿಕಕ್ಕೆ ಎಂದಳು ಪರಿವಶ್. ಬುದ್ಧಿ ಬಹಳ ಚುರುಕಾಗಿದೆ ಎಂದು ವೈದ್ಯರು ಮುದುಕಿಯ ಕೈ ಕುಲುಕಿದರು.

ಹೊರಡುವ ದಿನ ಮ್ರಿಕಾ ಅಂಜೂರದ ಮುರಬ್ಬದ ಸೀಸೆ ಹಿಡಿದು ಬಂದಳು. ಅವಳ ಮಗ ಡೆಟ್ರಾಯ್ಟಿನಲ್ಲಿದ್ದ. ಅವನನ್ನು ನೋಡಿಬರಲು ಅವಳು ಕೇಳಿದ ವೀಸಾ ಪ್ರತಿ ಸಲವೂ ತಿರಸ್ಕೃತವಾಗಿತ್ತು. ಸೀಸೆಯನ್ನು ಗೆಳತಿಯ ಕೈಗಿಟ್ಟು, ಕಡಲಾಚೆ ಬೆರಳು ತೋರಿಸಿ ಅಮೆರಿಕಾ, ಅಮೆರಿಕಾ ಎಂದಳು. ಶಾಹ್‌ಗುಲ್ ಅಲ್ಲವೆಂದು ತಲೆಯಾಡಿಸಿ, ಕಾಲಡಿಯ ನೆಲವನ್ನು ತಟ್ಟಿ ಅಮೆರಿಕಾ ಎಂದಳು. ಇಬ್ಬರೂ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಬಸ್ಸಿನ ಚಾಲಕ ಹಾರ್ನ್ ಹೊಡೆಯುವುದನ್ನು ನಿಲ್ಲಿಸಿ ಬೇರೆ ಕಡೆ ಮುಖ ತಿರುಗಿಸಿದ.

ಅವರನ್ನು ಇಳಿಸಿದ್ದು ನೆಬ್ರಾಸ್ಕದ ಒಂದೂರಿನಲ್ಲಿ. ಕಣ್ಣು ಹಾಯುವಷ್ಟು ದೂರ ಬಯಲು, ಅದರ ಮೇಲೆ ಹಿಮ. ಬೀದಿಯಲ್ಲಿ ನಡೆಯುವವರು ಒಬ್ಬರೂ ಇಲ್ಲ. ಮನೆ ಬೆಚ್ಚಗಿತ್ತು, ಅಡುಗೆಮನೆಯಲ್ಲಿ ಅಕ್ಕಿಯ ಚೀಲವಿತ್ತು. ಪುನರ್ವಸತಿ ಕಚೇರಿಯ ಹೆಂಗಸು ನಗುನಗುತ್ತ, ಅಮೆರಿಕಕ್ಕೆ ಸ್ವಾಗತ ಎಂದಳು. ಅದರಲ್ಲಿ ಒಂದು ಪದ ಶಾಹ್‌ಗುಲ್‌ಗೆ ಅರ್ಥವಾಯಿತು.

"ಪಾಪ, ಇವಳಿಗೂ ಹಾಗೇ ಹೇಳಿಕೊಟ್ಟಿದ್ದಾರೆ," ಎಂದಳು ಸೊಸೆಯ ಕಿವಿಯಲ್ಲಿ.

ನೇಮತ್ ಮಾಂಸದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ತಾಯಿಯನ್ನು ತಿದ್ದುವುದನ್ನು ಮೊದಮೊದಲು ಬಿಡಲಿಲ್ಲ. ಆಮೇಲಾಮೇಲೆ ಪಾಳಿ ಮುಗಿಸಿ ಬರುವ ಹೊತ್ತಿಗೆ ಅಷ್ಟು ಶಕ್ತಿ ಉಳಿಯುತ್ತಿರಲಿಲ್ಲ. ವಸಂತದಲ್ಲಿ ಹೊಸದಾಗಿ ಬಂದ, ಮಜಾರ್ ಊರಿನ ಅಫ್ಘನ್ ಒಬ್ಬನನ್ನು ಊಟಕ್ಕೆ ಕರೆದ. ಇಷ್ಟು ರುಚಿಯಾಗಿ ಮೀನು ಕರಿಯೋದನ್ನ ಎಲ್ಲಿ ಕಲಿತಿರಿ ಎಂದು ಅವನು ಕೇಳಿದ.

"ಅದಾ, ನಾವು ಅಮೆರಿಕದಲ್ಲಿದ್ದಾಗ," ಎಂದ ನೇಮತ್. ಫರಂಗೀಸ್ ಗಂಡನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ಅತಿಥಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಶಾಹ್‌ಗುಲ್ ಅವನ ಕಡೆಗೆ ಸರಿದು ಕೂತು, ಅಲ್ಲಿ ಕಡಲು ಎಷ್ಟು ಹತ್ತಿರವಿತ್ತು ಎಂದು ಹೇಳತೊಡಗಿದಳು.